ಓದುಗರ ಪ್ರಶ್ನೆ, ವೈದ್ಯೆಯ ಉತ್ತರ: ಮುಟ್ಟು ನಿಂತ ಮೇಲಿನ ಉರಿ, ಒಣಕಲು, ಮೂತ್ರದ ತೊಂದರೆ

ಹೋದ ಸಂಚಿಕೆಯಲ್ಲಿ ಮುಟ್ಟು ನಿಲ್ಲುವ ಕಾಲದ ಬೆವರು, ನಿದ್ದೆಗೇಡಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಬೆವರಿನ ಮಾತು ಎರಡು ಸಾಲು. ಆಮೇಲೆ "ಇನ್ನೊಂದು ವಿಷಯ ಕೇಳಬೇಕಿತ್ತು, ಹೆಸರು ಹಾಕಬೇಡಿ" ಎಂದು ಪುಟಗಟ್ಟಲೆ. ಮಾಟುಂಗದ ನನ್ನ ಕ್ಲಿನಿಕ್ಕಿನಲ್ಲೂ ಹೀಗೆಯೇ. ಬಿ.ಪಿ., ಮೊಣಕಾಲು, ಮಗಳ ಮದುವೆ ಎಲ್ಲ ಮುಗಿದು ಹೊರಡುವ ಹೊತ್ತಿಗೆ ತುಳುವಿನಲ್ಲೋ ಕನ್ನಡದಲ್ಲೋ ತಗ್ಗಿದ ದನಿಯಲ್ಲಿ ಮಾತು ಹೊರಗೆ ಬರುತ್ತದೆ: "ಕೆಳಗೆ ಒಂಥರಾ ಉರಿ, ಡಾಕ್ಟ್ರೇ." ಅದಕ್ಕೇ 45 ದಾಟಿದ ಪ್ರತಿಯೊಬ್ಬರನ್ನೂ ನಾನೇ ಮೊದಲು ಕೇಳಿಬಿಡುತ್ತೇನೆ. ಈ ಸಲದ ಅಂಕಣ ಪೂರ್ತಿ ಆ ಇನ್ನೊಂದು ವಿಷಯಕ್ಕೇ.

ನನಗೆ 54. ಮುಟ್ಟು ನಿಂತು ಮೂರು ವರ್ಷ. ದಿನಾ ಡೊಂಬಿವಲಿಯಿಂದ ಫೋರ್ಟಿಗೆ ಲೋಕಲ್‌ನಲ್ಲಿ ಹೋಗಿ ಬರುತ್ತೇನೆ. ಈ ವರ್ಷ ನಾಲ್ಕು ಸಲ ಉರಿಮೂತ್ರವಾಯಿತು. ಪ್ರತಿ ಸಲ ಆಂಟಿಬಯಾಟಿಕ್ ತೆಗೆದುಕೊಂಡೆ, ಎರಡು ತಿಂಗಳಿಗೆ ಮತ್ತೆ ಅದೇ. ಅಮ್ಮ ಉಷ್ಣ ಅಂತಾರೆ, ಬಾರ್ಲಿ ನೀರು ಮಾಡಿಕೊಡುತ್ತಾರೆ. ಆಫೀಸಿನ ಗೆಳತಿ ಕ್ಲೀನಾಗಿ ಇಟ್ಟುಕೊಳ್ಳಬೇಕು ಅಂದಳು. ಈಗ ದಿನಕ್ಕೆರಡು ಸಲ ವಾಶ್ ಹಾಕಿ ತೊಳೆಯುತ್ತಿದ್ದೇನೆ. ಯಾಕೆ ಹೀಗೆ? — ಓದುಗಿ, ಡೊಂಬಿವಲಿ

ನಿಮ್ಮ ಶುಚಿತ್ವದಲ್ಲಿ ಒಂದಿಷ್ಟೂ ಕೊರತೆಯಿಲ್ಲ. ಆ ವಾಶ್ ಬಾಟಲಿಯನ್ನು ಇವತ್ತೇ ಬಚ್ಚಲುಮನೆಯಿಂದ ಆಚೆ ಹಾಕಿ. ಸೋಪು, ಸುಗಂಧದ ವಾಶ್, ಕ್ರಿಮಿನಾಶಕ ದ್ರವ, ಪೌಡರು ಯಾವುದೂ ಅಲ್ಲಿಗೆ ಬೇಡ. ಹೊರಗಿನ ಭಾಗಕ್ಕೆ ಬರಿ ನೀರು ಸಾಕು, ಒಳಗೆ ತೊಳೆಯುವುದೇ ಬೇಡ.

ಯಾಕೆ ಎಂದು ಕೇಳಿದ್ದೀರಿ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮುಟ್ಟು ಇರುವಷ್ಟು ಕಾಲ ಅಂಡಾಶಯದಿಂದ ಬರುವ ಈಸ್ಟ್ರೋಜೆನ್ ಎಂಬ ಹಾರ್ಮೋನ್ ಯೋನಿಯ ಒಳಪದರವನ್ನು ದಪ್ಪವಾಗಿ, ತೇವವಾಗಿ ಇಟ್ಟಿರುತ್ತದೆ. ಆ ಪದರದ ಜೀವಕೋಶಗಳಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನಿರುತ್ತದೆ. ಅದನ್ನು ತಿಂದು ಬದುಕುವವು ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು. ಅವು ಹುಳಿ ಮಾಡುತ್ತವೆ. ಪಿ.ಎಚ್. (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.5ಕ್ಕಿಂತ ಕೆಳಗಿರುವ ಆ ಹುಳಿಯಲ್ಲಿ ಕರುಳಿನಿಂದ ಬರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ನೆಲೆ ನಿಲ್ಲುವುದು ಕಷ್ಟ. ಈಸ್ಟ್ರೋಜೆನ್ ಕಡಿಮೆಯಾಗುತ್ತಿದ್ದಂತೆ ಪದರ ತೆಳ್ಳಗಾಗುತ್ತದೆ, ಸಕ್ಕರೆ ಮುಗಿಯುತ್ತದೆ, ಹುಳಿ ಹೋಗುತ್ತದೆ, ಪಿ.ಎಚ್. 5 ದಾಟುತ್ತದೆ. ಆಗ ಇ. ಕೋಲಿ ಅಲ್ಲೇ ಠಿಕಾಣಿ ಹೂಡುತ್ತದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಮೇಲೆ ಹತ್ತುವುದು ಅದಕ್ಕೆ ಕಷ್ಟವೇನಲ್ಲ. ಮೂತ್ರನಾಳದ ಒಳಪದರವೂ ಮೂತ್ರಕೋಶದ ಬುಡವೂ ಇದೇ ಈಸ್ಟ್ರೋಜೆನ್ ನಂಬಿಕೊಂಡ ಭಾಗಗಳಾದ್ದರಿಂದ ಅವೂ ಸೊರಗಿರುತ್ತವೆ. ಒಣಕಲು, ಉರಿ, ಸಂಭೋಗದಲ್ಲಿ ನೋವು, ಪದೇ ಪದೇ ಮೂತ್ರಕ್ಕೆ ಅವಸರ, ಮತ್ತೆ ಮತ್ತೆ ಬರುವ ಇನ್ಫೆಕ್ಷನ್ ಎಲ್ಲದರ ಬೇರು ಒಂದೇ. ಅದಕ್ಕೇ 2014ರಿಂದ ಇವೆಲ್ಲವನ್ನೂ ಸೇರಿಸಿ ಜೆನಿಟೋಯೂರಿನರಿ ಸಿಂಡ್ರೋಮ್ ಆಫ್ ಮೆನೋಪಾಸ್, ಚಿಕ್ಕದಾಗಿ ಜಿ.ಎಸ್.ಎಂ. ಎನ್ನುತ್ತಾರೆ. ಮುಟ್ಟು ನಿಂತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದು ಒಂದಲ್ಲ ಒಂದು ರೀತಿಯಲ್ಲಿ ಇರುತ್ತದೆ. ಬೆವರು, ಬಿಸಿ ವರ್ಷ ಕಳೆದಂತೆ ಹೆಚ್ಚಿನವರಲ್ಲಿ ಇಳಿಯುತ್ತವೆ. ಇದು ಹಾಗಲ್ಲ, ಚಿಕಿತ್ಸೆ ಮಾಡದೆ ಬಿಟ್ಟರೆ ಹೆಚ್ಚುತ್ತಲೇ ಹೋಗುತ್ತದೆ.

ಬಾರ್ಲಿ ನೀರು ಕುಡಿಯಿರಿ, ದೇಹಕ್ಕೆ ನೀರು ಹೋಗುವುದು ಒಳ್ಳೆಯದೇ. ಆದರೆ ತೆಳ್ಳಗಾದ ಪದರವನ್ನು ಅದು ದಪ್ಪ ಮಾಡಲಾರದು. (ಒಳ್ಳೆಯ ಬ್ಯಾಕ್ಟೀರಿಯಾ ಎಂದೆನಲ್ಲ, ಮೊಸರನ್ನು ಒಳಗೆ ಹಚ್ಚಿಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ದಯವಿಟ್ಟು ಬೇಡ, ಮೊಸರು ಊಟಕ್ಕೆ.)

ಈಗ ಮಾಡಬೇಕಾದ್ದು. ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಇನ್ಫೆಕ್ಷನ್ ಆದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತೇವೆ. ನೀವು ಆ ಲೆಕ್ಕ ದಾಟಿದ್ದೀರಿ. ಮುಂದಿನ ಸಲ ಉರಿ ಬಂದಾಗ ಮೊದಲ ಗುಳಿಗೆ ನುಂಗುವ ಮುಂಚೆ ಯೂರಿನ್ ಕಲ್ಚರ್‌ಗೆ ಕೊಡಿ. ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಎಂದು ಗೊತ್ತಾಗಬೇಕು. ಉರಿಯಿದ್ದೂ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಅದು ಇನ್ಫೆಕ್ಷನ್ ಅಲ್ಲದೆ ಒಣಕಲಿನ ಉರಿಯೇ ಆಗಿರಬಹುದು. ಅದಕ್ಕೆ ಆಂಟಿಬಯಾಟಿಕ್ ಕೊಟ್ಟು ಪ್ರಯೋಜನವಿಲ್ಲ. ಅದೇ ರೀತಿ, ಏನೂ ತೊಂದರೆಯಿಲ್ಲದಾಗ ಸುಮ್ಮನೆ ಪರೀಕ್ಷೆ ಮಾಡಿಸಿ, ವರದಿಯಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು ಔಷಧಿ ತಿನ್ನಬೇಡಿ.

ಬೇರಿಗೆ ಚಿಕಿತ್ಸೆ ಎಂದರೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್. ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವುದು ಎಸ್ಟ್ರಿಯಾಲ್ ಎಂಬ ಬಗೆಯದು. 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ನಿಮ್ಮ ಹಾಗೆ ಮತ್ತೆ ಮತ್ತೆ ಸೋಂಕು ಬರುತ್ತಿದ್ದ, ಮುಟ್ಟು ನಿಂತ ಹೆಂಗಸರಲ್ಲಿ ಕೆಲವರಿಗೆ ಎಸ್ಟ್ರಿಯಾಲ್ ಕ್ರೀಮ್, ಉಳಿದವರಿಗೆ ಔಷಧಿಯಿಲ್ಲದ ಕ್ರೀಮ್ ಕೊಟ್ಟಿದ್ದರು. ಔಷಧಿಯಿಲ್ಲದವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಸೋಂಕು, ಎಸ್ಟ್ರಿಯಾಲ್ ಹಚ್ಚಿದವರಿಗೆ 0.5. ಇಷ್ಟು ವರ್ಷಗಳ ಹಿಂದೆಯೇ ಗೊತ್ತಾದ ಸಂಗತಿ ಇವತ್ತಿಗೂ ಎಷ್ಟೋ ಹೆಂಗಸರನ್ನು ತಲುಪಿಲ್ಲ, ಅವರು ಒಂದರ ಮೇಲೊಂದು ಆಂಟಿಬಯಾಟಿಕ್ ನುಂಗುತ್ತಲೇ ಇದ್ದಾರೆ. ನನ್ನನ್ನು ಬಹಳ ನೋಯಿಸುವ ವಿಷಯ ಇದು.

ಕ್ರೀಮ್ ಹಚ್ಚುವ ಕ್ರಮ: ಟ್ಯೂಬಿನ ಜೊತೆ ಸಿಗುವ ಅಪ್ಲಿಕೇಟರ್‌ನಲ್ಲಿ ಡಾಕ್ಟರ್ ಹೇಳಿದ ಗುರುತಿನವರೆಗೆ, ಸಾಮಾನ್ಯವಾಗಿ ಅರ್ಧ ಗ್ರಾಂ, ತುಂಬಿಸಿ. ರಾತ್ರಿ ಮಲಗುವಾಗ, ಕಾಲು ಮಡಚಿ ಮಲಗಿ ಒಳಗೆ ಹಾಕಿ. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಮೂತ್ರದ ದ್ವಾರದ ಸುತ್ತಲೂ ಸವರಿ. ಮೊದಲ ಎರಡು ಮೂರು ವಾರ ದಿನಾ, ಆಮೇಲೆ ವಾರಕ್ಕೆ ಎರಡು ರಾತ್ರಿ. ಚರ್ಮ ತೆಳ್ಳಗಿರುವುದರಿಂದ ಮೊದಲ ಕೆಲವು ದಿನ ಸ್ವಲ್ಪ ಉರಿದೀತು, ಹೆದರಿ ಬಿಡಬೇಡಿ. ಹಿತವಾಗಲು ಎರಡು ಮೂರು ವಾರ, ಪೂರ್ತಿ ಗುಣ ಕಾಣಲು ಮೂರು ತಿಂಗಳು ಬೇಕು. ಗುಣವಾಯಿತೆಂದು ನಿಲ್ಲಿಸಿದರೆ ತೊಂದರೆ ಮರಳುತ್ತದೆ, ಯಾಕೆಂದರೆ ದೇಹದಲ್ಲಿ ಈಸ್ಟ್ರೋಜೆನ್ ಮತ್ತೆ ಹುಟ್ಟಿಲ್ಲವಲ್ಲ. ನಾನೂ ಹಚ್ಚಿಕೊಳ್ಳುತ್ತೇನೆ, ಮಂಗಳವಾರ ಮತ್ತು ಶುಕ್ರವಾರ. ವಾರ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ.

ಲೋಕಲ್ ವಿಷಯಕ್ಕೆ ಬರೋಣ. ಗಾಡಿಯಲ್ಲಿ ಶೌಚಾಲಯವಿಲ್ಲ, ಸ್ಟೇಷನ್ನಿನದ್ದಕ್ಕೆ ಹೋಗಲು ಮನಸ್ಸಾಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಚಹಾ ಬಿಟ್ಟರೆ ಗುಟುಕು ನೀರಿಲ್ಲದೆ ಹೊರಡುವ ಹೆಂಗಸರು ಈ ಊರಿನಲ್ಲಿ ಎಷ್ಟು ಜನ! 2011ರಲ್ಲಿ ಮುಂಬಯಿಯ ಮಹಿಳಾ ಸಂಘಟನೆಗಳು 'ರೈಟ್ ಟು ಪೀ' ಎಂಬ ಹೋರಾಟ ಶುರು ಮಾಡಬೇಕಾಗಿ ಬಂದದ್ದು ಇದಕ್ಕೇ. ಇದು ನಾವು ನಾಚಿಕೆಪಡುವ ವಿಷಯವಲ್ಲ, ಕೇಳಿ ಪಡೆಯಬೇಕಾದ ಸೌಲಭ್ಯ. ಸದ್ಯಕ್ಕೆ ನೀವು ಮನೆ ಬಿಡುವ ಮುಂಚೆ ಮತ್ತು ಆಫೀಸು ಮುಟ್ಟಿದ ಕೂಡಲೇ ಹೋಗಿ ಬನ್ನಿ. ನೀರನ್ನು ಆಫೀಸಿನ ಹೊತ್ತಿನಲ್ಲಿ ಕುಡಿಯಿರಿ. ಚಳಿಜ್ವರ, ಸೊಂಟದ ಪಕ್ಕದಲ್ಲಿ ನೋವು, ವಾಂತಿ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಕ್ರೀಮ್, ಬಾರ್ಲಿ ಯಾವುದಕ್ಕೂ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಡಾಕ್ಟರು ಈಸ್ಟ್ರೋಜೆನ್ ಕ್ರೀಮ್ ಬರೆದುಕೊಟ್ಟರು. ಮನೆಗೆ ಬಂದು ಒಳಗಿನ ಚೀಟಿ ಓದಿದರೆ ಸ್ತನ ಕ್ಯಾನ್ಸರ್, ಗರ್ಭಕೋಶದ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು! ಯಜಮಾನರು ಬಿಸಾಡು ಎಂದರು. ಟ್ಯೂಬು ಕಪಾಟಿನಲ್ಲಿದೆ. ಏನು ಮಾಡಲಿ? — ಓದುಗಿ (58), ವಿಲೇಪಾರ್ಲೆ

ಬಿಸಾಡಬೇಡಿ. ಚೀಟಿಯ ಆ ಸಾಲುಗಳು ನಿಮ್ಮ ಟ್ಯೂಬಿನ ಅನುಭವದಿಂದ ಬಂದವಲ್ಲ. 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು ಅರ್ಧಕ್ಕೆ ನಿಲ್ಲಿಸಿದರು. ಅದರಲ್ಲಿದ್ದವರು ದಿನಾ ಬಾಯಿಂದ ಹಾರ್ಮೋನ್ ಗುಳಿಗೆ ನುಂಗುತ್ತಿದ್ದವರು, ಅದೂ ಎರಡು ಹಾರ್ಮೋನ್ ಸೇರಿದ ಗುಳಿಗೆ. ಅಲ್ಲಿ ಕಂಡ ಅಪಾಯದ ಎಚ್ಚರಿಕೆಯನ್ನು ಈಸ್ಟ್ರೋಜೆನ್ ಎಂಬ ಹೆಸರಿರುವ ಎಲ್ಲ ಔಷಧಿಗಳ ಮೇಲೂ ಅಚ್ಚು ಹಾಕಿದರು. (ಗರ್ಭಕೋಶದ ಕ್ಯಾನ್ಸರಿನ ಸಾಲು ಅದಕ್ಕೂ ಹಳೆಯದು, ಬಾಯಿಂದ ಈಸ್ಟ್ರೋಜೆನ್ ಒಂದನ್ನೇ ನುಂಗಿದವರಿಂದ ಬಂದದ್ದು.) 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. ತಾನೇ ಹಾಕಿಸಿದ್ದ ಆ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಸುವ ಕ್ರಮ ಕೈಗೊಂಡಿತು.

ಪ್ರಮಾಣದ ಲೆಕ್ಕ ನೋಡಿ. ಎಸ್ಟ್ರಾಡಿಯಾಲ್ ಎಂಬ ಇನ್ನೊಂದು ಈಸ್ಟ್ರೋಜೆನ್‌ನ 10 ಮೈಕ್ರೋಗ್ರಾಂ ಗುಳಿಗೆ ಬರುತ್ತದೆ, ಯೋನಿಯೊಳಗೆ ಇಡುವಂಥದ್ದು. ವರ್ಷವಿಡೀ ಕ್ರಮವಾಗಿ ಇಟ್ಟುಕೊಂಡರೆ ಒಟ್ಟು ಸುಮಾರು 1.14 ಮಿಲಿಗ್ರಾಂ. ಬಾಯಿಂದ ತೆಗೆದುಕೊಳ್ಳುವ ಗುಳಿಗೆಯಲ್ಲಿ ಒಂದೇ ದಿನಕ್ಕೆ 1 ಮಿಲಿಗ್ರಾಂ ಇರುತ್ತದೆ. ಕ್ರೀಮ್ ಆಗಲಿ ಗುಳಿಗೆಯಾಗಲಿ, ಕಡಿಮೆ ಪ್ರಮಾಣದಲ್ಲಿ ಹಚ್ಚಿದಾಗ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಗರ್ಭಕೋಶದ ರಕ್ಷಣೆಗೆಂದು ಜೊತೆಗೆ ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನ್ ಕೊಡುವ ಅಗತ್ಯವೂ ಇಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು ಹಚ್ಚುವ ಮುಂಚೆ ಡಾಕ್ಟರ ಹತ್ತಿರ ಮಾತಾಡಲೇಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ಕ್ರೀಮ್ ಹಚ್ಚುವವರಿರಲಿ ಹಚ್ಚದವರಿರಲಿ, ಅದೇ ವಾರ ತೋರಿಸಿ. ಹೆಚ್ಚಿನ ಸಲ ಅದು ಒಣಕಲಿನಿಂದಲೇ ಬಂದಿರುತ್ತದೆ, ಆದರೆ ಗರ್ಭಕೋಶದ ಕ್ಯಾನ್ಸರ್ ಕೊಡುವ ಮೊದಲ ಸೂಚನೆಯೂ ಅದೇ. ಸೋನೋಗ್ರಫಿಯಲ್ಲಿ ಒಳಪದರದ ದಪ್ಪ ನೋಡುತ್ತಾರೆ, 4 ಮಿಲಿಮೀಟರಿಗಿಂತ ಹೆಚ್ಚಿದ್ದರೆ ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಟ್ಯೂಬಿನ ಅವಧಿ ಮುಗಿದಿಲ್ಲವೆಂದು ನೋಡಿಕೊಂಡು ಇವತ್ತು ರಾತ್ರಿಯೇ ಶುರು ಮಾಡಿ. ಈ ಪುಟವನ್ನು ಯಜಮಾನರಿಗೂ ಓದಲು ಕೊಡಿ.

ಹೆಂಡತಿಗೆ 51. ಆರು ತಿಂಗಳಿಂದ ಹತ್ತಿರ ಹೋದರೆ ಹಿಂದೆ ಸರಿಯುತ್ತಾಳೆ. ನೋವು ಎನ್ನುತ್ತಾಳೆ. ನನ್ನ ಮೇಲೆ ಮನಸ್ಸು ಹೋಗಿದೆಯೇ? — ಓದುಗ, ಠಾಣೆ

ನೋವು ಎಂದು ಆಕೆ ಹೇಳಿದ್ದಾರಲ್ಲ, ನಂಬಿ. ಒಣಗಿ ತೆಳ್ಳಗಾದ ಪದರ ಉಜ್ಜಿದರೆ ಹರಿಯುತ್ತದೆ, ರಕ್ತವೂ ಬರಬಹುದು. ಒಮ್ಮೆ ಹಾಗಾದರೆ ಮುಂದಿನ ಸಲ ಮೈಯೇ ಬಿಗಿಯುತ್ತದೆ, ಅದರಿಂದ ನೋವು ಇನ್ನೂ ಹೆಚ್ಚು. ನೀವು ಪತ್ರ ಬರೆದು ಕೇಳಿದ್ದು ನನಗೆ ಸಂತೋಷವಾಯಿತು, ಗಂಡಸರಿಂದ ಇಂಥ ಪತ್ರ ಬರುವುದು ಅಪರೂಪ.

ಎರಡು ಬಗೆಯ ವಸ್ತುಗಳು ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಸಿಗುತ್ತವೆ. ಲೂಬ್ರಿಕೆಂಟ್ (ಜಾರಿಕೆಯ ಜೆಲ್) ಸಂಭೋಗದ ಹೊತ್ತಿಗೆ ಮಾತ್ರ. ಮಾಯಿಶ್ಚರೈಸರ್ ವಾರಕ್ಕೆ ಎರಡು ಮೂರು ದಿನ, ಸಂಬಂಧವಿರಲಿ ಬಿಡಲಿ, ಕ್ರಮವಾಗಿ ಹಚ್ಚಬೇಕಾದ್ದು. ಸುಗಂಧ ಇಲ್ಲದ್ದು, ಬಿಸಿ ಅಥವಾ ಜುಮ್ಮೆನಿಸುವ ಭರವಸೆ ಕೊಡದ್ದು ನೋಡಿ ತನ್ನಿ. ಮನೆಯ ಕೊಬ್ಬರಿ ಎಣ್ಣೆ ಕೆಲವರಿಗೆ ಹಿತ, ಆದರೆ ಎಣ್ಣೆ ತಾಗಿದರೆ ಕಾಂಡೋಮ್ ಹರಿಯಬಹುದು. ಗರ್ಭನಿರೋಧ ಇನ್ನೂ ಬೇಕೇ ಎಂದರೆ, 50ರ ನಂತರ ಮುಟ್ಟು ನಿಂತವರು ಕೊನೆಯ ಮುಟ್ಟಿನಿಂದ ಒಂದು ವರ್ಷ, 50ಕ್ಕೆ ಮುಂಚೆ ನಿಂತವರು ಎರಡು ವರ್ಷ ಜಾಗ್ರತೆ ವಹಿಸಬೇಕು. ಇವುಗಳಿಂದ ಸಾಲದಿದ್ದರೆ ಮೇಲೆ ಹೇಳಿದ ಈಸ್ಟ್ರೋಜೆನ್ ಕ್ರೀಮ್. ಅದು ಕೆಲಸ ಮಾಡಲು ಬೇಕಾದ ಎರಡು ಮೂರು ತಿಂಗಳು ಆಕೆಯನ್ನು ಒತ್ತಾಯಿಸಬೇಡಿ. ಡಾಕ್ಟರ ಹತ್ತಿರ ಜೊತೆಗೇ ಹೋಗಿ, ಆದರೆ ಉತ್ತರ ಆಕೆ ಹೇಳಲಿ.

ಸಕ್ಕರೆ ಕಾಯಿಲೆ ಇದೆ. ಮೂರು ತಿಂಗಳಿಂದ ವಿಪರೀತ ತುರಿಕೆ. ಮೆಡಿಕಲ್‌ನವನು ಕೊಟ್ಟ ಕ್ರೀಮ್ ಹಚ್ಚಿದರೆ ನಾಲ್ಕು ದಿನ ಕಡಿಮೆ, ಮತ್ತೆ ಶುರು. — ಓದುಗಿ (61), ಪುಣೆ

ಆ ಕ್ರೀಮ್ ನಿಲ್ಲಿಸಿ. ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರನ್ನೂ ಕಲಸಿದ ಕ್ರೀಮ್‌ಗಳು ನಮ್ಮ ಅಂಗಡಿಗಳಲ್ಲಿ ಧಾರಾಳ. ತುರಿಕೆ ತಾತ್ಕಾಲಿಕವಾಗಿ ಅಡಗುತ್ತದೆ, ಫಂಗಸ್ ಮಾತ್ರ ಬೆಳೆಯುತ್ತದೆ. ನಿಮ್ಮ ಸಕ್ಕರೆಯ ಗುಳಿಗೆಯ ಹೆಸರು ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂದಿದ್ದರೆ ಅವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಔಷಧಿಗಳು, ಅಲ್ಲಿ ಫಂಗಸ್ ಬರುವುದು ಅವುಗಳ ಗೊತ್ತಿರುವ ಅಡ್ಡಪರಿಣಾಮ. ನೀವಾಗಿ ನಿಲ್ಲಿಸಬೇಡಿ, ಹೃದಯ ಮತ್ತು ಕಿಡ್ನಿಗೆ ಅವುಗಳಿಂದ ಉಪಕಾರವಿದೆ. ಬರೆದುಕೊಟ್ಟವರಿಗೆ ಹೇಳಿ. ಚರ್ಮ ಬೆಳ್ಳಗಾಗಿ, ಕಾಗದದಂತೆ ಸುಕ್ಕಾಗಿದ್ದರೆ ಅದು ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮದ ಕಾಯಿಲೆ ಇರಬಹುದು. ಅದಕ್ಕೆ ಪ್ರಬಲ ಸ್ಟೀರಾಯ್ಡ್ ಮುಲಾಮೇ ಬೇಕು, ಆದರೆ ವೈದ್ಯರು ನೋಡಿ ಕೊಟ್ಟದ್ದು. ಒಟ್ಟಿನಲ್ಲಿ ಯಾರಾದರೂ ಕಣ್ಣಿಂದ ನೋಡದೆ ಇದಕ್ಕೆ ಉತ್ತರವಿಲ್ಲ.

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ. ಲೆಟ್ರೋಜೋಲ್ ತೆಗೆದುಕೊಳ್ಳುತ್ತಿದ್ದೇನೆ. ಕೂರಲೂ ಆಗದಷ್ಟು ಒಣಕಲು, ಉರಿ. ಜೀವ ಉಳಿದದ್ದೇ ಹೆಚ್ಚು, ಇದನ್ನೆಲ್ಲ ಕೇಳಬಾರದೇನೋ. — ಓದುಗಿ (56), ಮಡಗಾಂವ್

ಕೇಳಲೇಬೇಕು. ಉಳಿದ ಜೀವ ನೆಮ್ಮದಿಯಾಗಿ ಕೂರಬೇಕಲ್ಲವೇ? ಲೆಟ್ರೋಜೋಲ್ ದೇಹದಲ್ಲಿ ಉಳಿದ ಅಲ್ಪಸ್ವಲ್ಪ ಈಸ್ಟ್ರೋಜೆನ್ ಕೂಡ ತಯಾರಾಗದಂತೆ ತಡೆಯುತ್ತದೆ. ಅದರ ಕೆಲಸವೇ ಅದು. ಹಾಗಾಗಿ ಮುಟ್ಟು ನಿಂತ ಉಳಿದವರಿಗಿಂತ ನಿಮಗೆ ಒಣಕಲು ಹೆಚ್ಚು. ಗುಳಿಗೆಯನ್ನು ಒಂದು ದಿನವೂ ಬಿಡಬೇಡಿ. ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್, ಹಯಲುರಾನಿಕ್ ಆಸಿಡ್ ಇರುವ ಜೆಲ್ ಸಿಕ್ಕಿದರೆ ಅದು, ಮೊದಲು ಅದನ್ನೇ ಬಿಡದೆ ಎರಡು ಮೂರು ತಿಂಗಳು ಬಳಸಿ. ಆಗಲೂ ತಡೆಯಲಾರದಷ್ಟಿದ್ದರೆ ನಿಮ್ಮ ಕ್ಯಾನ್ಸರ್ ವೈದ್ಯರೊಡನೆ ಕೂತು ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಬಗ್ಗೆ ಕೇಳಬಹುದು. ಟ್ಯಾಮೊಕ್ಸಿಫೆನ್ ಎಂಬ ಸ್ತನ ಕ್ಯಾನ್ಸರಿನ ಇನ್ನೊಂದು ಗುಳಿಗೆ ತೆಗೆದುಕೊಳ್ಳುವವರಿಗಿಂತ ಲೆಟ್ರೋಜೋಲ್ ಅಥವಾ ಅದೇ ಬಗೆಯ ಅನಾಸ್ಟ್ರೋಜೋಲ್ ತೆಗೆದುಕೊಳ್ಳುವವರಲ್ಲಿ ಈ ನಿರ್ಧಾರಕ್ಕೆ ಹೆಚ್ಚು ಎಚ್ಚರ ಬೇಕು. ನೆರೆಮನೆಯವರ ಟ್ಯೂಬು ತಂದು ಹಚ್ಚುವುದು ಮಾತ್ರ ಖಂಡಿತ ಬೇಡ.

ಅತ್ತೆಗೆ 68. ಮಾವ ತೀರಿಕೊಂಡ ಮೇಲೆ ಗದಗದ ಹಳ್ಳಿಯಿಂದ ನಮ್ಮ ಜೊತೆ ಇರಲು ಬಂದಿದ್ದಾರೆ. ಕೆಮ್ಮಿದರೆ, ಎದ್ದರೆ ಮೂತ್ರ ಜಾರುತ್ತದೆ. ವಾಸನೆ ಬಂದೀತೆಂದು ದೇವಸ್ಥಾನಕ್ಕೂ ಬರುವುದಿಲ್ಲ, ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಏನೋ ಕೆಳಗೆ ಜಾರಿದಂತಿದೆ ಎಂದು ನನ್ನ ಹತ್ತಿರ ಮಾತ್ರ ಹೇಳಿದ್ದಾರೆ. ಹಿಂದಿ, ಮರಾಠಿ ಬರುವುದಿಲ್ಲ. ಮಗ ದುಭಾಷಿಯಾಗಿ ಬರುತ್ತಾನೆಂದರೆ ಆಸ್ಪತ್ರೆಗೇ ಬರುವುದಿಲ್ಲ ಎನ್ನುತ್ತಾರೆ. ಯಾರೋ ಲೇಸರ್ ಮಾಡಿಸಿ ಎಂದರು. — ಓದುಗಿ, ಘಾಟ್ಕೋಪರ್

ಮಗನೆದುರು ಹೇಳಲಾರೆ ಎಂಬ ಅತ್ತೆಯ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನೀವೇ ಕರೆದುಕೊಂಡು ಹೋಗಿ. ನಿಮ್ಮ ಹತ್ತಿರ ಹೇಳಿದ್ದಾರೆಂದರೆ ನಂಬಿಕೆ ಇದೆ. ನಾನು ಕೆಲಸ ಮಾಡಿದ ಆಸ್ಪತ್ರೆಗಳಲ್ಲೆಲ್ಲ ಕನ್ನಡವೋ ತುಳುವೋ ಬರುವ ಸಿಸ್ಟರ್ ಒಬ್ಬರಾದರೂ ಇದ್ದೇ ಇದ್ದರು, ಒಳಗೆ ಹೋದ ಕೂಡಲೇ ವಿಚಾರಿಸಿ. ಪರೀಕ್ಷೆಯ ಹೊತ್ತಿಗೆ ಹೆಂಗಸೇ ಇರಬೇಕು ಎಂದು ಕೇಳುವುದು ನಿಮ್ಮ ಹಕ್ಕು.

ಕೆಳಗೆ ಜಾರಿದಂತಿರುವುದು ಗರ್ಭಕೋಶವೋ ಮೂತ್ರಕೋಶವೋ ಇರಬಹುದು. ಹೆರಿಗೆಗಳು, ವರ್ಷಗಟ್ಟಲೆ ಭಾರ ಹೊತ್ತದ್ದು, ಹಳೆಯ ಕೆಮ್ಮು, ಮಲಬದ್ಧತೆ, ಮೇಲಿಂದ ಈಸ್ಟ್ರೋಜೆನ್ ಕೊರತೆ, ಇವೆಲ್ಲ ಸೇರಿ ಹಿಡಿದಿಡುವ ಸ್ನಾಯುಗಳು ಸಡಿಲವಾಗುತ್ತವೆ. ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಪೆಸರಿ ಎಂಬ ಮೆತ್ತನೆಯ ಬಳೆಯನ್ನು ಒಳಗೆ ಕೂರಿಸಿದರೆ ಜಾರಿದ್ದು ಮೇಲೆ ನಿಲ್ಲುತ್ತದೆ. ಅದರ ಜೊತೆ ಈಸ್ಟ್ರೋಜೆನ್ ಕ್ರೀಮ್ ಹಚ್ಚಿದರೆ ಒಳಗೆ ಹುಣ್ಣಾಗುವುದು ಕಡಿಮೆ.

ಮೂತ್ರ ಜಾರುವುದಕ್ಕೆ ವ್ಯಾಯಾಮವಿದೆ. ಗಾಳಿ ಹೋಗದಂತೆ ತಡೆಹಿಡಿಯುವಾಗ ಯಾವ ಸ್ನಾಯು ಬಿಗಿಯುತ್ತದೋ ಅದನ್ನು ಬಿಗಿಹಿಡಿದು ಬಿಡುವುದು. ಒಂದು ಸಲಕ್ಕೆ ಕನಿಷ್ಠ 8, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು. ಉಸಿರು ಕಟ್ಟಬಾರದು, ಹೊಟ್ಟೆ ಬಿಗಿಯಬಾರದು. ಮೂತ್ರ ಮಾಡುತ್ತಾ ಅರ್ಧಕ್ಕೆ ನಿಲ್ಲಿಸಿ ಅಭ್ಯಾಸ ಮಾಡಬಾರದು. ನೀವೂ ಜೊತೆಗೆ ಮಾಡಿ, ನಿಮಗೂ ಬೇಕಾದ್ದೇ. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿಯೂ ವಾಸನೆಯೂ ಹೆಚ್ಚುತ್ತದೆ, ಮಲಬದ್ಧತೆ ಬರುತ್ತದೆ. ಹಗಲು ಕುಡಿಯಲಿ, ಮಲಗುವ ಮುಂಚಿನ ಒಂದೆರಡು ತಾಸು ಕಡಿಮೆ ಮಾಡಲಿ. ಚಹಾ ಕಾಫಿ ಎರಡು ಲೋಟಕ್ಕೆ ನಿಲ್ಲಲಿ. ಮೂತ್ರ ಜಾರುವುದಕ್ಕೇ ಎಂದು ಮಾಡಿದ ಪ್ಯಾಡುಗಳಿವೆ. ಅದನ್ನು ತಂದುಕೊಟ್ಟರೆ ಮುಂದಿನ ವಾರವೇ ದೇವಸ್ಥಾನಕ್ಕೆ ಬರಬಹುದು, ಗುಣವಾಗುವವರೆಗೆ ಮನೆಯಲ್ಲೇ ಕೂರಬೇಕಿಲ್ಲ.

ಲೇಸರಿಗೆ ಈಗ ಹಣ ಸುರಿಯಬೇಡಿ. ಯೋನಿಯ ಮರುಯೌವನ ಎಂದು ಇಂಥ ಯಂತ್ರಗಳ ಪ್ರಚಾರ ನಡೆಯುತ್ತಿದ್ದಾಗ, 2018ರಲ್ಲಿ ಎಫ್.ಡಿ.ಎ. ಸುಟ್ಟಗಾಯ, ಕಲೆ, ನೋವು ಉಳಿಯುವ ಅಪಾಯವಿದೆ ಎಂದು ಎಚ್ಚರಿಸಿತು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಿಜವಾಗಿ ಲೇಸರ್ ಮಾಡಿಸಿಕೊಂಡವರಿಗೂ, ವೈದ್ಯರು ಮಾಡಿದಂತೆ ತೋರಿಸಿ ಮಾಡದೆ ಬಿಟ್ಟವರಿಗೂ ಒಣಕಲಿನ ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಆಸ್ಪತ್ರೆಗೆ ಹೋಗುವ ಮುಂಚೆ ಮನೆಯಲ್ಲೇ ಅತ್ತೆಯನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಮುಟ್ಟು ನಿಂತದ್ದು ಯಾವ ವಯಸ್ಸಿನಲ್ಲಿ, ಹೆರಿಗೆ ಎಷ್ಟು, ಗರ್ಭಕೋಶದ ಆಪರೇಷನ್ ಆಗಿದೆಯೇ, ದಿನಕ್ಕೆ ರಾತ್ರಿಗೆ ಎಷ್ಟು ಸಲ ಮೂತ್ರ, ಜಾರುವುದು ಕೆಮ್ಮಿದಾಗಲೋ ಅವಸರವಾದಾಗಲೋ ಎರಡರಲ್ಲೂ ಇದೆಯೋ, ಯಾವಾಗಲಾದರೂ ರಕ್ತ ಕಂಡಿತೇ, ಯಾವ ಯಾವ ಗುಳಿಗೆ. ಗುಳಿಗೆಗಳ ಹೆಸರು ಓದಲಾಗದಿದ್ದರೆ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಡಾಕ್ಟರಿಗೆ ಆ ಹಾಳೆ ಕೊಟ್ಟರೆ ಅತ್ತೆ ಬಾಯಿಬಿಟ್ಟು ಹೇಳಬೇಕಾದ್ದು ಸ್ವಲ್ಪವೇ ಉಳಿಯುತ್ತದೆ.